ಗುನ್ನ ಬೀಳದ ಬುಗುರಿ

ಹೊಸ ಸರಕೆಂದರೆ ಜನರು ಮುಗಿಬಿದ್ದು ಕೊಳ್ಳುವರೆಂಬುದು ವ್ಯಾಪಾರಿಗಳ ಹಳೆಯ ನಂಬಿಕೆ. ಹೆಸರು ಮಾಡಿದ ಹಳೆಯ ಸರಕನ್ನೇ ತಿದ್ದಿ ತೀಡಿ, ಇನ್ನೊಂದಿಷ್ಟು ಸೊಗಸು ಕೂಡಿಸಿ ತಂದರಂತೂ ಗೆಲವು ಕಟ್ಟಿಟ್ಟ ಬುತ್ತಿಯೆಂದು ತಿಳಿಯುವವರುಂಟು. ಹಳೆಯದಕ್ಕೆ ಹೆಸರಿದೆ, ಹೊಸದಕ್ಕೆ ಗುಣವಿದೆ, ಇನ್ನೇನು ಬೇಕು? ಆದರೆ ಒಬ್ಬರಿಗೊಬ್ಬರು ಎದುರಾಗಿ ಆಡುವ ಕಾಳಗದ ಆಟಗಳ ಮಟ್ಟಿಗೆ ಈ ಲೆಕ್ಕ ಎಷ್ಟೋ ವೇಳೆ ತಪ್ಪಿಹೋಗುತ್ತದೆ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಒಬ್ಬಾತನಿಗೆ ಈ ಸಂಗತಿ ಮನದಟ್ಟಾದುದು ಸಾವನದುರ್ಗದ ಬುಡದಲ್ಲಿ, ಒಂದು ಗೋಣಿಚೀಲ ಬುಗುರಿಗಳನ್ನು ಮುಂದಿಟ್ಟುಕೊಂಡು ಕುಳಿತ ಒಂದು ಭಾನುವಾರ.

ಆತನ ಮನೆತನಕ್ಕೆ ಈ ಕಸುಬು ಹೊಸದಲ್ಲ. ಆಲೆ ಮರವೆಂದೂ ಹಾಲೆ ಮರವೆಂದೂ ಕರೆಯುವ ಬಿಳಿಯ, ನಯವಾದ ಮರವನ್ನು ಒಣಗಿಸಿ, ತುಂಡರಿಸಿ, ಲೇತಿಗೆ ಕೊಟ್ಟು ಉಳಿ ಹಿಡಿಯುವುದನ್ನು ಆತನು ತಂದೆಯ ಪಕ್ಕದಲ್ಲಿ ನಿಂತೇ ಕಲಿತನು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಕಾವಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಬಳಿಕ ಒಣಗರಿಯಿಂದ ಒತ್ತಿ ಒರೆಸಿದರೆ ಕನ್ನಡಿಯ ಹೊಳಪು ಬರುತ್ತದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಿಗರು ಬಂದು ಈ ವಿದ್ಯೆಯನ್ನು ಕಲಿಸಿದರೆಂದು ಊರಿನವರು ಹೇಳುತ್ತಾರೆ. 2005-06ನೆಯ ಸಾಲಿನಲ್ಲಿ ಚನ್ನಪಟ್ಟಣದ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಆದರೆ ಮನ್ನಣೆಯಿಂದ ಒಲೆ ಉರಿಯುವುದಿಲ್ಲವಷ್ಟೆ. 2023ರಲ್ಲಿ ಬೆಂಗಳೂರು-ಮೈಸೂರಿನ ಹೊಸ ಹೆದ್ದಾರಿ ತೆರೆದು ಊರನ್ನು ಬದಿಗಿಟ್ಟು ಹಾದುಹೋದ ಮೇಲೆ ಹಳೆಯ ರಸ್ತೆಯ ಅಂಗಡಿಗಳ ಮುಂದೆ ಕಾರುಗಳು ನಿಲ್ಲುವುದು ಕಡಿಮೆಯಾಯಿತು. ಮೊದಲು ಮಕ್ಕಳ ಹಟಕ್ಕೆ ಸೋತು ಕೆಳಗಿಳಿಯುತ್ತಿದ್ದ ತಂದೆತಾಯಿಗಳಿಗೆ ಈಗ ಬೊಂಬೆಯ ಅಂಗಡಿ ಕಣ್ಣಿಗೇ ಬೀಳುವುದಿಲ್ಲ.

ಆಗ ಆತನಿಗೆ ಬುಗುರಿಯ ಯೋಚನೆ ಬಂದಿತು. ಮನೆಯಲ್ಲಿ ಹಿಂದಿನಿಂದಲೂ ಬುಗುರಿ ಕಡೆಯುತ್ತಿದ್ದರು. ಹಗುರವಾದ ಮೈ, ಎರಡು ಬಣ್ಣದ ಬಳೆ, ಬುಡದಲ್ಲಿ ಒಂದು ಕಬ್ಬಿಣದ ಮೊಳೆ, ಇಷ್ಟೆ. ಇದನ್ನೇ ಉತ್ತಮಪಡಿಸಬೇಕೆಂದು ಆತನು ಆರು ತಿಂಗಳು ಶ್ರಮಿಸಿದನು. ತಲೆಯನ್ನು ಅಗಲಮಾಡಿದನು, ಮೊಳೆಯನ್ನು ಗಿಡ್ಡಮಾಡಿದನು, ಹೆಚ್ಚು ಹೊತ್ತು ತಿರುಗಲೆಂದು ತೂಕ ಕೂಡಿಸಿದನು, ಅರಿಸಿನದ ಹಳದಿಯನ್ನೂ ನೀಲಿಗಿಡದ ನೀಲಿಯನ್ನೂ ಅರಗಿಗೆ ಬೆರೆಸಿದನು. ಎಲ್ಲಕ್ಕಿಂತ ಮಿಗಿಲಾಗಿ ಮೈಸುತ್ತ ಹಿತ್ತಾಳೆಯ ಒಂದು ಪಟ್ಟಿಯನ್ನು ಬಿಗಿದನು. ಎದುರಾಳಿಯ ಮೊಳೆ ಎಷ್ಟೇ ಬಿರುಸಾಗಿ ಬಡಿದರೂ ಬುಗುರಿಗೆ ಗುನ್ನ ಬೀಳಬಾರದು, ಮೈ ಸೀಳಬಾರದು ಎಂಬುದು ಆತನ ಹಂಬಲ. ಹಿತ್ತಾಳೆಗೂ ಮರಕ್ಕೂ ಹಣ ಸಾಲದೆ ಹೆಂಡತಿಯ ಸರವು ಗಿರವಿ ಅಂಗಡಿಗೆ ಹೋಯಿತು. ಆಕೆ ಸರವನ್ನು ಬಿಚ್ಚಿಕೊಡುವಾಗ ಒಂದು ಮಾತನ್ನೂ ಆಡಲಿಲ್ಲ. ಮುದುಕ ತಂದೆ ಮಾತ್ರ ಹೊಸ ಬುಗುರಿಯನ್ನು ಅಂಗೈಯಲ್ಲಿ ತೂಗಿ ನೋಡಿ, "ಚೆಂದವಾಗಿದೆ ಮಗು. ಯಾರ ಜೊತೆ ಆಡೋದು ಇದನ್ನ?" ಎಂದು ಕೇಳಿದನು. ಮಗನಿಗೆ ಆ ಮಾತು ಮುದಿತನದ ಗೊಣಗಾಟವೆಂದು ತೋರಿತು.

ಸಾವನದುರ್ಗಕ್ಕೆ ರಜೆಯ ದಿನಗಳಲ್ಲಿ ಬೆಂಗಳೂರಿನಿಂದ ಜನ ಬಹಳವಾಗಿ ಬರುತ್ತಾರೆ. ಸಮುದ್ರಮಟ್ಟದಿಂದ 1226 ಮೀಟರು ಎತ್ತರಕ್ಕೆ ನಿಂತಿರುವ ಆ ಹೆಬ್ಬಂಡೆಯನ್ನು ಏರುವ ತರುಣರು, ಬುಡದಲ್ಲಿರುವ ವೀರಭದ್ರಸ್ವಾಮಿಗೂ ನರಸಿಂಹಸ್ವಾಮಿಗೂ ಹಣ್ಣುಕಾಯಿ ಮಾಡಿಸುವ ಹಿರಿಯರು, ಬುತ್ತಿಯ ಗಂಟು ಬಿಚ್ಚುವ ಸಂಸಾರಗಳು. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲವೆಂದು ಆತನು ಮರದ ನೆರಳಿನಲ್ಲಿ ಗೋಣಿಯನ್ನು ಹಾಸಿ ಬುಗುರಿಗಳನ್ನು ಸಾಲಾಗಿ ಜೋಡಿಸಿದನು. ಬಿಸಿಲಿಗೆ ಹಿತ್ತಾಳೆ ಥಳಥಳಿಸಿತು. ಜನ ನಿಂತರು, ನೋಡಿದರು, ಮೆಚ್ಚಿದರು; ಕೊಳ್ಳಲಿಲ್ಲ.

"ಬುಗುರಿ ಮನೇಲಿ ಇದೆಯಲ್ಲೋ, ಹೋದ ವರ್ಷ ತಾನೆ ಕೊಡಿಸಿದ್ದು?" ಎಂದು ಒಬ್ಬ ತಂದೆ ಮಗನನ್ನು ಎಳೆದುಕೊಂಡು ಹೋದನು. ಇದು ಬೇರೆಯ ಬುಗುರಿಯೆಂದು ಹೇಳುವುದರೊಳಗೆ ಅವರು ಗುಡಿಯ ಮುಂದೆ ಇದ್ದರು. ಇನ್ನೊಬ್ಬಾಕೆ ಬೆಲೆ ಕೇಳಿ, "ಹಳೇದರ ಎರಡರಷ್ಟು ಹೇಳ್ತೀರಲ್ಲಪ್ಪ. ಮುಂದಿನ ಸಲ ಬಂದಾಗ ಇಳಿದಿರುತ್ತೆ ಬಿಡಿ" ಎಂದು ನಕ್ಕಳು. ಹಳೆಯದರಲ್ಲಿ ಕೈ ಪಳಗಿದ ಹುಡುಗನೊಬ್ಬನು ಚಾಟಿ ಸುತ್ತಿ ಬೀಸಿದನು. ಬುಗುರಿ ತಲೆಕೆಳಗಾಗಿ ಉರುಳಿತು. ಮತ್ತೆ ಬೀಸಿದನು, ಮತ್ತೆ ಉರುಳಿತು. ಜೊತೆಯವರು ನಕ್ಕರು. ತನ್ನ ಹಳೆಯ ಬುಗುರಿಯಲ್ಲಿ ಕೇರಿಗೆ ಮೊದಲಿಗನಾದ ಆ ಹುಡುಗ ಮುಖ ಕೆಂಪಗೆ ಮಾಡಿಕೊಂಡು ಅದನ್ನು ಗೋಣಿಯ ಮೇಲೆ ಇಟ್ಟು ಹೋದನು.

ಕೊನೆಗೆ ಹತ್ತಿರದ ಹಳ್ಳಿಯ ನಾಲ್ವರು ಹುಡುಗರು ಬಂದರು. ಅವರ ಜೇಬುಗಳಲ್ಲಿ ಗುನ್ನ ತಿಂದು ಮೈಯೆಲ್ಲ ಸಿಡುಬಿನ ಕಲೆಯಂತಾದ ಬುಗುರಿಗಳಿದ್ದವು. ಹೊಸದನ್ನು ತಿರುಗಿಸಿ ನೋಡಿ ಅವರಲ್ಲಿ ದೊಡ್ಡವನು, "ಅಣ್ಣಾ, ಇದಕ್ಕೆ ಗುನ್ನ ಬೀಳಲ್ಲ. ನಮ್ಮದಕ್ಕೆ ಬೀಳುತ್ತೆ. ಇದನ್ನ ತಂದವನನ್ನ ನಾವು ಆಟಕ್ಕೆ ಸೇರಿಸಲ್ಲ" ಎಂದನು. ಆ ಮಾತಿನಲ್ಲಿ ಕೊಂಕಿರಲಿಲ್ಲ; ನ್ಯಾಯವಿತ್ತು. ಮಣ್ಣಿನಲ್ಲಿ ಗೆರೆಯೆಳೆದ ವೃತ್ತದೊಳಗೆ ಸೋತವನ ಬುಗುರಿಯನ್ನಿಟ್ಟು ಉಳಿದವರು ಗುನ್ನ ಹಾಕುವುದೇ ಆ ಆಟದ ಜೀವ. ಪೆಟ್ಟು ತಿನ್ನದ ಬುಗುರಿಯನ್ನು ತಂದವನು ಗೆದ್ದರೂ ಗೆದ್ದಂತಲ್ಲ.

ಮಧ್ಯಾಹ್ನ ಬೆಟ್ಟವಿಳಿದು ಬಂದ ಬೆಂಗಳೂರಿನ ತರುಣನೊಬ್ಬನು ನೆರಳಿಗೆ ಕುಳಿತು ಈ ಪ್ರಸಂಗವನ್ನು ನೋಡುತ್ತಿದ್ದನು. ಆತನಿಗೆ ವಿಡಿಯೋ ಗೇಮುಗಳ ಹುಚ್ಚು; ಅದರಲ್ಲಿಯೂ ಇಬ್ಬರು ಎದುರುಬದುರಾಗಿ ಕಾಳಗವಾಡುವ ಆಟಗಳೆಂದರೆ ಊಟ ಮರೆಯುವನು. "ಬೇಜಾರು ಮಾಡ್ಕೋಬೇಡಿ. ಇದು ಜಪಾನಿನ ದೊಡ್ಡ ಕಂಪನಿಗೇ ಆಗಿದೆ" ಎಂದು ಆರಂಭಿಸಿ ಆತನು ಹೇಳಿದ ಕಥೆ ಬುಗುರಿಯವನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆದರೆ ತಿಳಿದಷ್ಟು ಭಾಗವೇ ಅವನಿಗೆ ಸಾಕಾಯಿತು.

ಜಪಾನಿನ ಕ್ಯಾಪ್‌ಕಾಮ್ ಕಂಪನಿಯು 1991ರಲ್ಲಿ 'ಸ್ಟ್ರೀಟ್ ಫೈಟರ್ 2' ಎಂಬ ಆಟವನ್ನು ಹೊರತಂದಿತು. ಮರುವರ್ಷ ಅದು ಮನೆಯ ಟೆಲಿವಿಷನ್ನಿಗೆ ಜೋಡಿಸುವ ನಿಂಟೆಂಡೋ ಯಂತ್ರಕ್ಕೆ ಬಂದಾಗ 63 ಲಕ್ಷ ಪ್ರತಿಗಳು ಮಾರಾಟವಾದವು. ಅದರಲ್ಲಿ ಆಡುವವನು ಆರಿಸಿಕೊಳ್ಳಬಹುದಾದ ಜಟ್ಟಿಗಳು 8 ಮಂದಿ. 1993ರಲ್ಲಿ ಅದೇ ಯಂತ್ರಕ್ಕೆ ತಿದ್ದಿದ ಆವೃತ್ತಿ ಬಂತು. ಜಟ್ಟಿಗಳು 12ಕ್ಕೇರಿದರು, ಮಾರಾಟ 41 ಲಕ್ಷಕ್ಕಿಳಿಯಿತು. 1994ರಲ್ಲಿ ಮತ್ತೊಂದು ಆವೃತ್ತಿ. ಜಟ್ಟಿಗಳು 16, ಮಾರಾಟ 20 ಲಕ್ಷ. ಆಟ ಬೆಳೆಯುತ್ತ ಹೋದಂತೆ ಕೊಳ್ಳುವವರು ಕರಗುತ್ತ ಬಂದರು. ಕೊಂಡದ್ದನ್ನೇ ಮತ್ತೆ ಕೊಳ್ಳಬೇಕೆ ಎಂಬ ಪ್ರಶ್ನೆ ಜಪಾನಿನಲ್ಲಿ ಹುಟ್ಟಿದರೂ ಒಂದೇ, ಸಾವನದುರ್ಗದಲ್ಲಿ ಹುಟ್ಟಿದರೂ ಒಂದೇ. 2011ರ ಫೆಬ್ರುವರಿಯಲ್ಲಿ ಅದೇ ಕಂಪನಿ ಇನ್ನೊಂದು ಕಾಳಗದ ಆಟವನ್ನು ಮಾರಿ, ಒಂಬತ್ತೇ ತಿಂಗಳಿಗೆ 12 ಮಂದಿ ಹೊಸಬರನ್ನು ಸೇರಿಸಿ ಅದನ್ನೇ ಬೇರೆ ಪೆಟ್ಟಿಗೆಯಲ್ಲಿ ತಂದಿತು. ಮೊದಲೇ ಕೊಂಡವರಿಗೆ ಅದು ತಾವು ತೋರಿದ ಅವಸರಕ್ಕೆ ವಿಧಿಸಿದ ದಂಡದಂತೆ ಕಂಡರೆ ಆಶ್ಚರ್ಯವಿಲ್ಲ. ಒಮ್ಮೆ ಹಾಗೆ ಕಂಡವನು ಮುಂದಿನ ಸಲ ಕಾಯುತ್ತಾನೆ. 'ಮುಂದಿನ ಸಲ ಇಳಿದಿರುತ್ತೆ' ಎಂದ ಆ ಗೃಹಿಣಿಯೂ ಕಾಯುವವರ ಸಾಲಿಗೇ ಸೇರಿದವಳು.

"2016ರ ಫೆಬ್ರುವರಿಯಲ್ಲಿ ಐದನೆಯ ಆಟ ಬಂತು" ಎಂದು ತರುಣನು ಮುಂದುವರಿಸಿದನು. ಮಾರ್ಚ್ ಕೊನೆಯೊಳಗೆ 20 ಲಕ್ಷ ಪ್ರತಿಗಳು ಹೋಗುವುವೆಂದು ಕಂಪನಿ ಎಣಿಸಿತ್ತು. ಹೋದದ್ದು 14 ಲಕ್ಷ. ಕಾಳಗದ ಕ್ರಮವೇನೋ ಬಲ್ಲವರ ಮೆಚ್ಚಿಗೆ ಪಡೆಯಿತು. ಆದರೆ ಒಂಟಿಯಾಗಿ ಕುಳಿತು, ಯಂತ್ರದ ಎದುರಾಳಿಗಳನ್ನು ಒಬ್ಬೊಬ್ಬರಾಗಿ ಸೋಲಿಸುತ್ತ ಆಟ ಕಲಿಯುವ ಏರ್ಪಾಡು ಅದರಲ್ಲಿರಲಿಲ್ಲ. ಹೊಸಬನು ಪೆಟ್ಟಿಗೆ ಬಿಚ್ಚಿದೊಡನೆ ಹತ್ತಾರು ವರ್ಷ ಪಳಗಿದ ಜಟ್ಟಿಗಳ ಮುಂದೆ ಬಂದು ನಿಲ್ಲಬೇಕಾಯಿತು. ದಿನವೂ ಸೋಲುವುದಕ್ಕೆ ಹಣ ಕೊಟ್ಟು ಬರುವವರು ಎಷ್ಟು ಮಂದಿ? ಹೊಸಬರು ಬಾರದಿದ್ದರೆ ಹಳಬರಿಗೂ ಎದುರಾಳಿಗಳಿಲ್ಲ. ಕಥೆಪುಸ್ತಕವನ್ನು ಒಬ್ಬನೇ ಓದಬಹುದು. ಕಾಳಗಕ್ಕೆ ಇಬ್ಬರು ಬೇಕು. ಎದುರಿನವನೂ ಕೊಂಡಾನೆಂಬ ಭರವಸೆ ಇಲ್ಲದೆ ಇವನು ಕೊಳ್ಳುವುದಿಲ್ಲ; ಇವನು ಕೊಳ್ಳದೆ ಅವನು ಕೊಳ್ಳುವುದಿಲ್ಲ. ಇಂಥ ಆಟದ ಮೊದಲ ವಾರಗಳು ಈ ಕಾಯುವಿಕೆಯಲ್ಲೇ ಕಳೆದುಹೋಗುತ್ತವೆ.

ತರುಣನು ಎದ್ದು ಬೆಟ್ಟದ ಕಡೆ ಕೈತೋರಿದನು. ಕೆಂಪೇಗೌಡರ ವಂಶದವರ ಕೋಟೆಯಾಗಿ, ಮುಂದೆ ಮೈಸೂರಿಗೆ ಸೇರಿದ ಆ ದುರ್ಗವನ್ನು ಯಾರೂ ಗೆಲ್ಲಲಾರರೆಂಬ ಹೆಸರಿತ್ತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ತೋಪುಗಳನ್ನು ತಂದು ಹೂಡಿದಾಗ ಕೆಲವೇ ದಿನಗಳಲ್ಲಿ ಅದು ಬಿದ್ದುಹೋಯಿತು. "ಹೆಸರು ಎಷ್ಟೇ ದೊಡ್ಡದಿದ್ದರೂ ಬಾಗಿಲು ಕಾಯೋದಿಲ್ಲ" ಎಂದು ನಗುತ್ತ ಆತನು ಎರಡು ಬುಗುರಿಗಳನ್ನು ಕೊಂಡನು. ಒಂದು ಸಾಕಲ್ಲವೇ ಎಂದು ಇವನು ಕೇಳಿದಾಗ, "ಒಂದನ್ನ ತಗೊಂಡು ಏನು ಮಾಡಲಿ? ತಮ್ಮನಿಗೂ ಬೇಕಲ್ಲ" ಎಂದನು.

ಅಂದು ಸಂಜೆ ಗೋಣಿಚೀಲದ ಭಾರ ಬೆಳಗ್ಗೆ ಇದ್ದಷ್ಟೇ ಇತ್ತು. ಮನೆಯಲ್ಲಿ ಹೆಂಡತಿ ತಟ್ಟೆಯಿಟ್ಟು ಮುದ್ದೆ ಬಡಿಸಿದಳು. ಎಷ್ಟು ಹೋಯಿತೆಂದು ಕೇಳಲಿಲ್ಲ. ಆಕೆ ಕೇಳಿದ್ದರೇ ಚೆನ್ನಾಗಿತ್ತೆಂದು ಅವನಿಗೆ ಅನ್ನಿಸಿತು. ಊಟವಾದ ಮೇಲೆ ಆತನು ತಂದೆಯ ಹತ್ತಿರ ಕುಳಿತು, "ಅಪ್ಪಾ, ಅವತ್ತು ನೀವು ಕೇಳಿದ ಮಾತು ಈಗ ತಿಳೀತು" ಎಂದನು. ಮುದುಕನು ಗೆದ್ದೆನೆಂದು ಬೀಗಲಿಲ್ಲ. ಮಗನ ಕೈಯಿಂದ ಬುಗುರಿಯನ್ನು ತೆಗೆದುಕೊಂಡು, ಮಂಜಾದ ಕಣ್ಣಿಗೆ ಹತ್ತಿರ ಹಿಡಿದು, ಉಗುರಿನಿಂದ ಹಿತ್ತಾಳೆಯ ಪಟ್ಟಿಯನ್ನು ಮೀಟಿ ನೋಡಿ, "ಪಟ್ಟಿ ಬಿಚ್ಚು. ಕೆಲಸ ಚೆನ್ನಾಗಿದೆ. ಪೆಟ್ಟು ತಿನ್ನೋದನ್ನ ಮಾತ್ರ ಇದರಿಂದ ಕಿತ್ತುಕೊಂಡಿದ್ದೀಯ, ಅದನ್ನ ವಾಪಸು ಕೊಡು" ಎಂದನು.

ಪಟ್ಟಿಗಳನ್ನು ಬಿಚ್ಚುವುದೆಂದರೆ ಸರವನ್ನು ಮಾರಿದಷ್ಟೇ ಸಂಕಟ. ಆ ಹಿತ್ತಾಳೆಗಾಗಿಯೇ ಅದು ಗಿರವಿಗೆ ಹೋಗಿತ್ತು. ಆದರೂ ಆತನು ಒಂದೊಂದಾಗಿ ಬಿಚ್ಚಿದನು. ಹೆಂಡತಿ ಪಕ್ಕಕ್ಕೆ ಬಂದು ಕುಳಿತು ಪಟ್ಟಿಗಳನ್ನು ಎಣಿಸಿ ಕಟ್ಟು ಕಟ್ಟಿಟ್ಟಳು. ಹಿತ್ತಾಳೆಯನ್ನು ತೂಕಕ್ಕಾದರೂ ಕೊಳ್ಳುವರೆಂದಳು. ಆ ವಾರವೆಲ್ಲ ತಂದೆ ಮಗ ಇಬ್ಬರೂ ಲೇತಿನ ಮುಂದಿದ್ದರು. ಪಟ್ಟಿಯಿದ್ದ ಸ್ಥಳಕ್ಕೆ ಅರಗಿನ ಬಳೆ ಬಂತು, ತೂಕ ಇಳಿಯಿತು, ಹಳೆಯ ಕೈಗೆ ಒಗ್ಗುವ ಉದ್ದದ ಮೊಳೆ ಬಂತು. ಅಗಲವಾದ ತಲೆಯೂ ಅರಿಸಿನದ ಬಣ್ಣವೂ ಹಾಗೆಯೇ ಉಳಿದವು.

ಮರು ಭಾನುವಾರ ಆತನು ಗೋಣಿಯ ಮುಂದೆ ಮಣ್ಣಿನಲ್ಲಿ ಒಂದು ವೃತ್ತವನ್ನೆಳೆದನು. ಬುಗುರಿಗಳನ್ನು ಜೋಡಿಯಾಗಿ ಕಟ್ಟಿ, ಎರಡಕ್ಕೆ ಸೇರಿಸಿ ಬೆಲೆ ಹೇಳಿದನು. ಹಳೆಯ ಬುಗುರಿ ತಂದವರಿಗೆ ಅದಕ್ಕೇ ಹೊಸ ಮೊಳೆ ಹೊಡೆದುಕೊಡುವೆನೆಂದನು. ಹಳ್ಳಿಯ ಆ ನಾಲ್ವರಿಗೆ ನಾಲ್ಕು ಬುಗುರಿಗಳನ್ನು ಸುಮ್ಮನೆ ಕೊಟ್ಟನು. ಅರ್ಧ ಗಂಟೆಯೊಳಗೆ ವೃತ್ತದ ಸುತ್ತ ಮಕ್ಕಳು ನೆರೆದರು. ಮಕ್ಕಳ ಹಿಂದೆ ತಂದೆಯರು ನಿಂತರು. ಅವರಲ್ಲೊಬ್ಬರು ಕನ್ನಡಕವನ್ನು ಹೆಂಡತಿಯ ಕೈಗೆ ಕೊಟ್ಟು, ಪ್ಯಾಂಟನ್ನು ಮೇಲೆಳೆದುಕೊಂಡು, ತಾವೇ ಚಾಟಿ ಸುತ್ತಿದರು. ನಲವತ್ತು ವರ್ಷದ ಹಿಂದಿನ ಕೈ ತಪ್ಪಲಿಲ್ಲ.

ಚೀಲವು ಬರಿದಾಯಿತೆಂದರೆ ಸುಳ್ಳಾಗುತ್ತದೆ, ಅರ್ಧ ಇಳಿಯಿತು. ಸರವು ಇನ್ನೂ ಗಿರವಿ ಅಂಗಡಿಯಲ್ಲೇ ಇದೆ. ಬಿಡಿಸಲು ಇಂಥ ಭಾನುವಾರಗಳು ಇನ್ನೂ ಹಲವು ಬೇಕು. ಆ ತರುಣನು ಹೇಳಿದ ಐದನೆಯ ಆಟವೂ ಹೀಗೆಯೇ ಎದ್ದುಕೊಂಡಿತಂತೆ: ಕೊರತೆಯಾಗಿದ್ದ ಭಾಗವನ್ನು 2018ರ ಜನವರಿಯಲ್ಲಿ ಸೇರಿಸಿ, ಮೊದಲು ಕೊಂಡವರಿಗೆ ಅದನ್ನು ಉಚಿತವಾಗಿ ಕೊಟ್ಟರು; ವರ್ಷಗಳು ಉರುಳಿದಂತೆ ಅದರ ಮಾರಾಟ 70 ಲಕ್ಷವನ್ನು ದಾಟಿತು. 2023ರ ಜೂನಿನಲ್ಲಿ ಬಂದ ಆರನೆಯ ಆಟದಲ್ಲಿ ಹೊಸಬರ ಕೈಗೆ ಸುಲಭವಾಗುವ ಕ್ರಮವನ್ನು ಮೊದಲೇ ಇಟ್ಟಿದ್ದರು. ಅದು ಒಂದು ತಿಂಗಳ ಸುಮಾರಿಗೆ 20 ಲಕ್ಷ ಮುಟ್ಟಿತು.

ಸಂಜೆ ಗೋಣಿ ಮಡಿಸುವ ಹೊತ್ತಿಗೆ ಹಳ್ಳಿಯ ಹುಡುಗರಲ್ಲಿ ಚಿಕ್ಕವನು ಓಡಿಬಂದನು. ಅವನ ಹೊಸ ಬುಗುರಿಯ ಹೊಳೆಯುವ ಹಳದಿ ಮೈಯಲ್ಲಿ ಆಳವಾದ ಒಂದು ಗುನ್ನ ಬಿದ್ದಿತ್ತು. ಬೆಳಗ್ಗೆ ತಾನೆ ಒರೆಸಿ ಹೊಳಪು ಕೊಟ್ಟ ಅರಗು ಸಿಡಿದುಹೋದುದನ್ನು ಕಂಡು ಬುಗುರಿಯವನಿಗೆ ಒಂದು ಕ್ಷಣ ಕರುಳು ಚುರುಕ್ಕೆಂದಿತು. "ಬೇರೆ ಕೊಡಲೇನೋ?" ಎಂದನು.

"ಬೇಡಣ್ಣ, ಇದೇ ಇರಲಿ. ಮೊಳೆ ಸಡಿಲ ಆಗಿದೆ, ಗಟ್ಟಿ ಮಾಡಿಕೊಡು. ಅವನಿಗೆ ವಾಪಸು ಹಾಕಬೇಕು" ಎಂದು ಹುಡುಗನು ಬುಗುರಿಯನ್ನು ಮುಂದೆ ಹಿಡಿದನು.

ಆತನು ಕಟ್ಟಿದ್ದ ಗಂಟನ್ನು ಬಿಚ್ಚಿ ಸುತ್ತಿಗೆಯನ್ನು ಹೊರತೆಗೆದನು.