ಅಂಗಾಲಿಗೊಂದು ಹರಕೆ

ದೇವಸ್ಥಾನದಲ್ಲಿ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುವಾಗ ಅಂಗಾಲಲ್ಲಿ ಕಲ್ಲು ಚುಚ್ಚಿದಂತಾಗಿ ಒಂದು ಹೆಜ್ಜೆ ಕುಂಟಿದೆ. ಸಾಕು, ಹಿಂದೆ ಬರುತ್ತಿದ್ದವರೆಲ್ಲ ವೈದ್ಯರಾದರು. "ಆಣಿ ಕಣ್ರೀ, ಬ್ಲೇಡಲ್ಲಿ ಕೆತ್ತಿಬಿಡಿ" ಎಂದರು ಒಬ್ಬರು. "ಛೆ, ಸುಣ್ಣ ಹಚ್ಚಿ ಸಾರ್, ಉದುರತ್ತೆ" ಎಂದರು ಇನ್ನೊಬ್ಬರು. ದೇವರ ಕಡೆ ಯಾರ ಗಮನವೂ ಇರಲಿಲ್ಲ.

ಅಜ್ಜಿ ಇದ್ದಿದ್ದರೆ ಹರಕೆ ಹೊರುತ್ತಿದ್ದಳು. ನರಹುಲಿ ಎದ್ದರೆ ಕಲ್ಯಾಣಿಗೆ ಒಂದು ಹಿಡಿ ಉಪ್ಪು. ಉಪ್ಪು ಕರಗಿದ ಹಾಗೆ ಅದೂ ಕರಗಬೇಕು. ಕೈಮೇಲಿನದಾದರೆ ಕುದುರೆ ಬಾಲದ ಕೂದಲು ಬಿಗಿಯುವ ಪದ್ಧತಿಯೂ ಇತ್ತು. ಅಂಗಾಲಿನದಕ್ಕೆ ಬಿಗಿಯಲು ಕುತ್ತಿಗೆಯೇ ಇಲ್ಲ, ಮೈಭಾರಕ್ಕೆ ಒಳಗೇ ಒತ್ತಿಕೊಂಡಿರುತ್ತದೆ. ಅಲ್ಲದೆ ಜಟಕಾಗಳು ಹೋಗಿ ಯಾವ ಕಾಲವಾಯಿತು! ಆಟೋದವರ ಹತ್ತಿರ ಬಾಲ ಕೇಳಲಾದೀತೇ?

ಚರ್ಮದ ಡಾಕ್ಟರು ಮಾತು ಕಮ್ಮಿ. ಮೇಲಿನಿಂದ ಒತ್ತಿದರು, ಸುಮ್ಮನಿದ್ದೆ. ಎರಡು ಬದಿಯಿಂದ ಹಿಚುಕಿದರು, ಕುರ್ಚಿ ಬಿಟ್ಟು ಎದ್ದೆ. ಸಾಮಾನ್ಯವಾಗಿ ಒತ್ತಿದರೆ ನೋಯುವುದು ಆಣಿ, ಹಿಚುಕಿದರೆ ನೋಯುವುದು ನರಹುಲಿ. ಪಾದದ ಗೆರೆಗಳೂ ಅದರ ಬಳಿ ಬಂದು ಪಕ್ಕಕ್ಕೆ ಸರಿದುಹೋಗಿದ್ದವು. ನಡುವಿನ ಕರಿ ಚುಕ್ಕಿಗಳನ್ನು ಜನ ಬೇರು ಅನ್ನುತ್ತಾರೆ. ಅವು ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು, ಅಷ್ಟೆ. ಕೆಲಸವೆಲ್ಲ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನದು. ಒದ್ದೆ ನೆಲದಲ್ಲಿ ಬರಿಗಾಲು ಸಿಕ್ಕರೆ, ಕಣ್ಣಿಗೆ ಕಾಣದ ಬಿರುಕಲ್ಲೂ ಒಳಸೇರುತ್ತದೆ. ಸೋಸಿದ ನರಹುಲಿಯ ರಸದಿಂದಲೂ ನರಹುಲಿ ಏಳುತ್ತದೆಂದು ಇಟಲಿಯ ಚುಫೋ 1907ರಲ್ಲೇ ತೋರಿಸಿದ್ದ.

ಮದ್ದು ಎರಡು ತರಹ. ಮೈನಸ್ 196 ಡಿಗ್ರಿಯ ದ್ರವ ಸಾರಜನಕ ತಾಗಿಸಿ ಸುಡುವುದು ಒಂದು. ದಿನಾ ಬಿಸಿನೀರಲ್ಲಿ ಕಾಲು ನೆನೆಸಿ, ಸತ್ತ ಚರ್ಮ ಉಜ್ಜಿ, ಸ್ಯಾಲಿಸಿಲಿಕ್ ಆಮ್ಲ ಹಚ್ಚುವುದು ಇನ್ನೊಂದು. ಇದಕ್ಕೆ ವಾರಗಳಲ್ಲ, ಎಷ್ಟೋ ಸಲ ತಿಂಗಳುಗಳೇ ಬೇಕು. ಕೊನೆಗೆ ಡಾಕ್ಟರು ಮೆಲ್ಲಗೆ ಸೇರಿಸಿದರು: ಏನೂ ಮಾಡದಿದ್ದರೂ ಹೋಗಬಹುದು, ಮಕ್ಕಳಲ್ಲಂತೂ ಬಹುಪಾಲು ಎರಡು ವರ್ಷದೊಳಗೆ ತಾನಾಗಿ ಮಾಯ.

ಅಜ್ಜಿಯ ಉಪ್ಪು ಫಲಿಸುತ್ತಿದ್ದುದು ಹೀಗೆ! ಹರಕೆ ಹೊತ್ತು ಮುಂದಿನ ಜಾತ್ರೆವರೆಗೆ ಕಾಯುವ ತಾಳ್ಮೆ ಅವಳಿಗಿತ್ತು. ಅಷ್ಟರಲ್ಲಿ ಮೈಯೇ ವೈರಸ್ಸಿನ ಗುರುತು ಹಿಡಿದು ಓಡಿಸಿರುತ್ತಿತ್ತು, ಕೀರ್ತಿ ಕಲ್ಯಾಣಿಗೆ. ನನಗೆ ಅಜ್ಜಿಯೂ ಇಲ್ಲ, ತಾಳ್ಮೆಯೂ ಇಲ್ಲ. ಆಮ್ಲದ ಸೀಸೆ ಹಿಡಿದು ಕೂತಿದ್ದೇನೆ.

ನೀವೂ ಹಚ್ಚಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಸಕ್ಕರೆ ಕಾಯಿಲೆ ಇದ್ದವರು ಬ್ಲೇಡನ್ನೂ ಮುಟ್ಟಬೇಡಿ, ಅಂಗಡಿಯ ಆಮ್ಲವನ್ನೂ ಮುಟ್ಟಬೇಡಿ; ನೇರವಾಗಿ ಡಾಕ್ಟರಿಗೆ ಕಾಲು ತೋರಿಸಿ.