ಬೆಂಕಿಯ ಒಡಲಲ್ಲಿ ಬೆಳ್ಳಿಯ ಬೆಳಕು

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಒಂಟಾರಿಯೋ ಸರೋವರದ ದಕ್ಷಿಣ ತೀರಕ್ಕೆ ಒತ್ತಿಕೊಂಡಂತೆ ರಾಚೆಸ್ಟರ್ ಎಂಬ ನಗರವಿದೆ. ಊರಿನ ನಡುವೆಯೇ ಜೆನೆಸೀ ನದಿ ಜಲಪಾತವಾಗಿ ಧುಮುಕುತ್ತದೆ. ಚಳಿಗಾಲದಲ್ಲಿ ಬೀದಿಗಳೆಲ್ಲ ಹಿಮದಡಿ ಹುದುಗುತ್ತವೆ. ಮೇ ತಿಂಗಳು ಬಂತೆಂದರೆ ಉದ್ಯಾನದ ಲೈಲಾಕ್ ಪೊದೆಗಳು ನಸುನೇರಳೆ ಬಣ್ಣದಿಂದ ತುಂಬಿ ತುಳುಕುತ್ತವೆ. ಆದರೆ ಲೋಕಕ್ಕೆ ಈ ಊರಿನ ಗುರುತು ಹೂವಿನಿಂದಲ್ಲ, ಕ್ಯಾಮರಾದಿಂದ. ಕೊಡಕ್ ಎಂಬ ಹೆಸರು ಹುಟ್ಟಿದ್ದು ಇಲ್ಲಿ.

ಆ ಹೆಸರನ್ನು ಹುಟ್ಟಿಸಿದವನು ಜಾರ್ಜ್ ಈಸ್ಟ್‌ಮನ್. ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ಈತ 1889ರಲ್ಲಿ ಸೆಲ್ಯುಲಾಯ್ಡ್ ಫಿಲ್ಮಿನ ಸುರುಳಿಯನ್ನು ಮಾರುಕಟ್ಟೆಗೆ ತಂದನು. ಚಲಚ್ಚಿತ್ರವೆಂಬ ಕಲೆ ನಡೆಯಲು ಕಲಿತದ್ದು ಆ ಸುರುಳಿಯ ಮೇಲೆ. ಸಂಪತ್ತು ಕೈಗೂಡಿದ ಮೇಲೆ ಈಸ್ಟ್ ಅವೆನ್ಯೂ ಎಂಬ ಮರಗಳ ಸಾಲುಬೀದಿಯಲ್ಲಿ ಅವನು ಕಟ್ಟಿಸಿದ ಮಹಲು 1905ರಲ್ಲಿ ಪೂರ್ಣವಾಯಿತು. ಮದುವೆಯಾಗದೆ ಉಳಿದ ಆತ 1932ರಲ್ಲಿ ತೀರಿಕೊಂಡನು. 1949ರಲ್ಲಿ ಆ ಮನೆ ಛಾಯಾಚಿತ್ರ ಮತ್ತು ಚಲಚ್ಚಿತ್ರಗಳ ವಸ್ತುಸಂಗ್ರಹಾಲಯವಾಗಿ ಜನರಿಗೆ ಬಾಗಿಲು ತೆರೆಯಿತು. ಮನೆಯ ಹಸಿರುಗಿಡಗಳ ತೊಟ್ಟಿಯಲ್ಲಿ ಇಂದಿಗೂ ಆನೆಯ ತಲೆಯೊಂದರ ಪ್ರತಿಕೃತಿ ಗೋಡೆಯಿಂದ ಹೊರಚಾಚಿ ಬಂದವರನ್ನು ನೋಡುತ್ತಿರುತ್ತದೆ. ಅದು ಒಡೆಯನ ಆಫ್ರಿಕದ ಬೇಟೆಯ ನೆನಪು.

ಈ ಮಹಲಿಗೆ ಸೇರಿಕೊಂಡಂತೆ 1951ರಲ್ಲಿ ಎದ್ದುನಿಂತದ್ದು ಡ್ರೈಡನ್ ಚಿತ್ರಮಂದಿರ. ಆಸನಗಳು ಸುಮಾರು 500. ನಗರದ ದೊಡ್ಡ ಟಾಕೀಸುಗಳ ಆಡಂಬರ ಇಲ್ಲಿಲ್ಲ. ಆದರೆ ಬೇರೆಲ್ಲೂ ಕಾಣಸಿಗದ ಚಿತ್ರಗಳು ಇಲ್ಲಿ ಕಾಣಸಿಗುತ್ತವೆ. ಒಂದು ಸಂಜೆ ಮೂಕಚಿತ್ರ. ಅದಕ್ಕೆ ತೆರೆಯ ಬಳಿ ಕುಳಿತು ಪಿಯಾನೋ ನುಡಿಸುವವರುಂಟು. ಮತ್ತೊಂದು ಸಂಜೆ ದೂರದೇಶದ ವಾಕ್ಚಿತ್ರ. ದೀಪ ಆರುವ ಮುನ್ನ ಬಲ್ಲವರೊಬ್ಬರು ವೇದಿಕೆಗೆ ಬಂದು ಚಿತ್ರದ ಹಿನ್ನೆಲೆಯನ್ನು ನಾಲ್ಕು ಮಾತಿನಲ್ಲಿ ಹೇಳಿ ಹೋಗುವುದೂ ಉಂಟು.

ಈ ಸಂಗ್ರಹಾಲಯದ ಆಶ್ರಯದಲ್ಲಿ ಮರುಹುಟ್ಟು ಪಡೆದದ್ದು ಚಿತ್ರಗಳಷ್ಟೇ ಅಲ್ಲ, ಒಬ್ಬ ತಾರೆಯೂ ಕೂಡ. ಮೂಕಚಿತ್ರ ಯುಗದಲ್ಲಿ ಮಿಂಚಿದ್ದ ಲೂಯಿಸ್ ಬ್ರೂಕ್ಸ್ ಆಮೇಲೆ ಮರೆವಿಗೆ ಸಂದು, ಅಂಗಡಿಯಲ್ಲಿ ಮಾರಾಟಗಾರ್ತಿಯಾಗಿಯೂ ದುಡಿದಿದ್ದಳು. ಚಲಚ್ಚಿತ್ರ ವಿಭಾಗವನ್ನು ಕಟ್ಟಿ ಬೆಳೆಸಿದ ಜೇಮ್ಸ್ ಕಾರ್ಡ್ ಆಕೆಯನ್ನು ಹುಡುಕಿ ಕರೆತಂದನು. 1956ರಲ್ಲಿ ರಾಚೆಸ್ಟರಿಗೆ ಬಂದ ಆಕೆ ಇಲ್ಲಿಯ ಸಂಗ್ರಹದಲ್ಲಿ ಹಳೆಯ ಚಿತ್ರಗಳನ್ನು ನೋಡಿದಳು, ಲೇಖಕಿಯಾದಳು. 1985ರಲ್ಲಿ ಇದೇ ಊರಿನಲ್ಲಿ ಕಣ್ಣುಮುಚ್ಚಿದಳು. ಚಿತ್ರ ಉಳಿದಿದ್ದುದರಿಂದ ಅವಳ ಹೆಸರೂ ಉಳಿಯಿತು.

ಡ್ರೈಡನ್ನಿನ ನಿಜವಾದ ಹೆಗ್ಗಳಿಕೆ ಬೇರೊಂದಿದೆ. ಸುಮಾರು 1951ರವರೆಗೆ ಟಾಕೀಸುಗಳಲ್ಲಿ ಓಡುತ್ತಿದ್ದ ಚಿತ್ರಗಳೆಲ್ಲ ನೈಟ್ರೇಟ್ ಫಿಲ್ಮಿನವು. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ, ಆರತಿಗೆ ಹಚ್ಚುವ ಕರ್ಪೂರವನ್ನು ಬೆರೆಸಿ ಮಾಡಿದ ಪಟ್ಟಿ ಅದು. ಒಮ್ಮೆ ಬೆಂಕಿ ತಗುಲಿದರೆ ಹೊರಗಿನ ಗಾಳಿಯ ಹಂಗಿಲ್ಲದೆ ಉರಿಯುತ್ತದೆ. ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಬೆಂಕಿ ತಗುಲದಿದ್ದರೂ ಅದಕ್ಕೆ ನೆಮ್ಮದಿಯಿಲ್ಲ. ವರ್ಷಗಳುರುಳಿದಂತೆ ಚಿತ್ರ ಮಾಸುತ್ತದೆ, ಸುರುಳಿ ಜೇನಿನಂತೆ ಅಂಟುತ್ತದೆ, ಕೊನೆಗೆ ಕಂದುಪುಡಿಯಾಗಿ ಡಬ್ಬಿಯ ತಳದಲ್ಲಿ ಉಳಿಯುತ್ತದೆ. ಇಂಥ ಫಿಲ್ಮನ್ನು ಕಾನೂನುಬದ್ಧವಾಗಿ ತೆರೆಯ ಮೇಲೆ ತೋರಿಸಬಲ್ಲ ಚಿತ್ರಮಂದಿರಗಳು ಅಮೆರಿಕದಲ್ಲಿ ಬೆರಳೆಣಿಕೆಯಷ್ಟು. ಡ್ರೈಡನ್ ಅವುಗಳಲ್ಲೊಂದು.

2015ರ ಮೇ ತಿಂಗಳ ಮೊದಲ ದಿನಗಳಲ್ಲಿ ಇಲ್ಲಿ ನೈಟ್ರೇಟ್ ಚಿತ್ರಗಳಿಗಾಗಿಯೇ ಒಂದು ಉತ್ಸವ ಆರಂಭವಾಯಿತು. ಅದರ ರೀತಿಯೇ ವಿಚಿತ್ರ. ಯಾವ ಚಿತ್ರಗಳೆಂಬುದನ್ನು ಉತ್ಸವ ತೊಡಗುವ ಹೊತ್ತಿನವರೆಗೂ ಹೇಳುವುದಿಲ್ಲ. ಕೊನೆಯ ಚಿತ್ರದ ಹೆಸರಂತೂ ತೆರೆಯ ಮೇಲೆ ಬೆಳಕು ಬೀಳುವವರೆಗೆ ಗುಟ್ಟು. ಆದರೂ ದೂರದೂರದಿಂದ ಜನ ಬರುತ್ತಾರೆ. ಅವರ ಕೈಗೆ ಸಿಗುವ ಪುಸ್ತಿಕೆಯಲ್ಲಿ ನಟನಟಿಯರ ಹೆಸರಿನ ಜೊತೆಗೆ ಆ ಪ್ರತಿ ಎಷ್ಟು ಕುಗ್ಗಿದೆ ಎಂಬ ಲೆಕ್ಕವೂ ಇರುತ್ತದೆ; ವೈದ್ಯರು ರೋಗಿಯ ತಲೆಯ ಬಳಿ ತೂಗಹಾಕುವ ಚೀಟಿಯಂತೆ. ಫಿಲ್ಮು ಕುಗ್ಗಿದಷ್ಟೂ ಅಂಚಿನ ರಂಧ್ರಗಳು ಯಂತ್ರದ ಹಲ್ಲಿಗೆ ಹೊಂದುವುದಿಲ್ಲ. ಹೆಚ್ಚು ಕುಗ್ಗಿದ್ದು ತೆರೆಯನ್ನು ಮತ್ತೆ ಕಾಣದು.

ಆ ಮೊದಲ ವರ್ಷ ತೋರಿಸಿದ ಚಿತ್ರಗಳಲ್ಲಿ 1947ರ 'ಬ್ಲ್ಯಾಕ್ ನಾರ್ಸಿಸಸ್' ಒಂದು. ಹಿಮಾಲಯದ ತಪ್ಪಲಿನ ಕ್ರೈಸ್ತ ಸಂನ್ಯಾಸಿನಿಯರ ಕಥೆ ಅದು. ಆದರೆ ಆ ಪರ್ವತಗಳೆಲ್ಲ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಕುಂಚದಿಂದ ಮೂಡಿದವು. ಅದರಲ್ಲಿ ರಾಜಕುಮಾರನಂತೆ ರತ್ನಾಭರಣ ತೊಟ್ಟು ಬರುವ ತರುಣನಾರು? ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು! 'ಎಲಿಫೆಂಟ್ ಬಾಯ್' ಚಿತ್ರದಿಂದ 1937ರಲ್ಲಿ ಲೋಕಪ್ರಸಿದ್ಧನಾದ ಆ ಹುಡುಗ 1963ರಲ್ಲಿ, ನಲವತ್ತು ತುಂಬುವ ಮುನ್ನವೇ ತೀರಿಕೊಂಡನು. ಕಪಿನಿಯ ದಡದ ಕಾಡಿನ ಆ ಮುಖ, ರಾಚೆಸ್ಟರಿನ ಕತ್ತಲಲ್ಲಿ ಅದೇ ಕಾಲದ ಫಿಲ್ಮಿನ ಮೂಲಕ ಮತ್ತೊಮ್ಮೆ ನಕ್ಕಿತು.

ಪ್ರೇಕ್ಷಕರು ಮೈಮರೆತಿರುವಾಗ ಹಿಂದಿನ ಕೋಣೆಯಲ್ಲಿ ಆಪರೇಟರುಗಳು ಕಣ್ಣು ಮಿಟುಕಿಸದೆ ನಿಂತಿರುತ್ತಾರೆ. ಸುರುಳಿಗಳು ಮುಚ್ಚಿದ ಲೋಹದ ಪೆಟ್ಟಿಗೆಯೊಳಗೆ ತಿರುಗುತ್ತವೆ. 2,000 ಅಡಿಯ ರೀಲು ಮುಗಿಯಲು ಸುಮಾರು 22 ನಿಮಿಷ. ಅಷ್ಟರಲ್ಲಿ ಎರಡನೆಯ ಯಂತ್ರ ಸಿದ್ಧವಾಗಿರಬೇಕು. ಹೆಚ್ಚುಕಡಮೆಯಾದರೆ ಕಿಂಡಿಗಳ ಲೋಹದ ಕದಗಳು ಬಿದ್ದು ಕೋಣೆ ಮುಚ್ಚಿಹೋಗಬೇಕು.

ಇಷ್ಟು ಅಪಾಯವೇಕೆ, ಪ್ರತಿ ಸಲ ಓಡಿಸಿದಾಗಲೂ ಸವೆಯುವ ವಸ್ತುವನ್ನು ತೋರಿಸುವುದೇಕೆ ಎಂಬ ಪ್ರಶ್ನೆ ಹಳೆಯದು. ಪ್ಯಾರಿಸಿನ ಹೆನ್ರಿ ಲಾಂಗ್ಲ್ವಾ, ತೋರಿಸದ ಚಿತ್ರ ಸತ್ತ ಚಿತ್ರವೆಂಬ ಪಂಥದವನು. ಲಂಡನ್ನಿನ ಅರ್ನೆಸ್ಟ್ ಲಿಂಡ್‌ಗ್ರೆನ್, ಮೊದಲು ಕಾಪಾಡಬೇಕು, ಆಮೇಲೆ ತೋರಿಸಬೇಕೆಂಬ ಪಂಥದವನು. ಕಾಪಾಡುವುದೂ ಸುಲಭವಲ್ಲವೆಂಬುದಕ್ಕೆ ಈ ಸಂಗ್ರಹಾಲಯವೇ ಸಾಕ್ಷಿ. 1978ರ ಮೇ ತಿಂಗಳಲ್ಲಿ ಇದರ ಉಗ್ರಾಣಕ್ಕೆ ಬೆಂಕಿ ಬಿದ್ದು 329 ಚಿತ್ರಗಳು ನಾಶವಾದವು. ಆ ಪೆಟ್ಟು ತಿಂದ ಸಂಸ್ಥೆ ಊರಾಚೆ ತಣ್ಣನೆಯ ಉಗ್ರಾಣವನ್ನು ಕಟ್ಟಿತು. 1996ರಲ್ಲಿ ಚಲಚ್ಚಿತ್ರ ಸಂರಕ್ಷಣೆಯನ್ನು ಕಲಿಸುವ ಶಾಲೆಯನ್ನೂ ತೆರೆಯಿತು. ಆದರೂ ತೋರಿಸುವುದನ್ನು ಬಿಡಲಿಲ್ಲ. ಕಾಪಾಡುವ ಕೈಯೇ ತೋರಿಸುವ ಕೈಯೂ ಆಗಬೇಕೆಂಬುದು ಅಲ್ಲಿ ಮೂಡಿದ ಉತ್ತರ.

ಈ ಉತ್ತರದ ಬೆಲೆ ಕನ್ನಡಿಗರಿಗೆ ತಿಳಿಯದ್ದೇನಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು. ಕೊಲ್ಹಾಪುರದ ಸ್ಟುಡಿಯೋದಲ್ಲಿ ತಯಾರಾದ ಆ ಚಿತ್ರದಲ್ಲಿ ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಅಭಿನಯಿಸಿದ್ದರು. ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಆರಂಭವಾಗುವ ವೇಳೆಗೆ 1964 ಬಂದಿತ್ತು. 2003ರಲ್ಲಿ ಪುಣೆಯಲ್ಲಿಯೂ ಬೆಂಕಿಯೊಂದು ಹಳೆಯ ನೈಟ್ರೇಟ್ ರೀಲುಗಳನ್ನು ನುಂಗಿತು. 'ಸತಿ ಸುಲೋಚನ'ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕೆಲವು ನಿಶ್ಚಲ ಚಿತ್ರಗಳು, ನೋಡಿದವರ ಕೆಲವು ಮಾತುಗಳು, ಅಷ್ಟೆ.

ಡ್ರೈಡನ್ನಿನಲ್ಲಿ ಉತ್ಸವದ ಕೊನೆಯ ರೀಲು ಮುಗಿದು ದೀಪ ಹೊತ್ತಿದಾಗ ಜನ ಕೂಡಲೇ ಏಳುವುದಿಲ್ಲ. ಮೇಲಿನ ಕೋಣೆಯಲ್ಲಿ ಆಪರೇಟರು ಸುರುಳಿಯನ್ನು ನಿಧಾನವಾಗಿ ಹಿಂದಕ್ಕೆ ಸುತ್ತಿ, ಅಂಚನ್ನೊಮ್ಮೆ ಪರೀಕ್ಷಿಸಿ, ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುತ್ತಾನೆ. ಆ ಡಬ್ಬಿ ಮತ್ತೆ ತಣ್ಣನೆಯ ಕತ್ತಲೆಗೆ ಹಿಂದಿರುಗುತ್ತದೆ. ಮುಂದಿನ ಸಲ ತೆರೆಯುವಾಗ ಅದು ಓಡೀತೋ ಇಲ್ಲವೋ ಹೇಳುವವರಿಲ್ಲ. ಈ ಸಲವಂತೂ ಓಡಿತು, ಐನೂರು ಜೊತೆ ಕಣ್ಣುಗಳು ಅದನ್ನು ಕಂಡವು.