ಕ್ಲಚ್ ಪೆಡಲ್ಲಿನ ಒಂದಿಂಚು

ಮೇ 25
ಇವತ್ತಿಂದ ರೋಹಿಣಿ ಮಳೆ. ಮೋಡದ ಸುಳಿವಿಲ್ಲ. ಗೋವಿನಜೋಳದ ಹೊಲಕ್ಕೆ ಕೆರೆಯ ಗೋಡು ಹೊಡೆಸುತ್ತಿದ್ದೇವೆ. ದಂಡೆಯ ಏರು ಹತ್ತುವಾಗ ಟ್ರ್ಯಾಕ್ಟರಿನ ಎಂಜಿನ್ ಜೋರಾಗಿ ಕೂಗುತ್ತದೆ, ಗಾಲಿ ಮಾತ್ರ ಮುಂದೆ ಹೋಗದು. ಮೇಲೆ ಸುಟ್ಟ ವಾಸನೆ. ಕ್ಲಚ್ ಜಾರುತ್ತಿದೆ. "ಪ್ಲೇಟ್ ಹೋಗೇತ್ರಿ, ಗಾಡಿ ಎರಡು ಭಾಗ ಮಾಡಬೇಕು" ಅಂದ ಗ್ಯಾರೇಜಿನ ಹುಡುಗ, ಪೆಡಲ್ ಮುಟ್ಟಿಯೂ ನೋಡದೆ. ನನಗೆ ಸರಿಕಾಣಲಿಲ್ಲ.

ಮೇ 26
ಎಂಜಿನ್ ಬಂದ್ ಮಾಡಿ, ಗೇರ್ ನ್ಯೂಟ್ರಲ್ಲಿಗೆ ತಂದು, ಗಾಲಿಗೆ ಕಲ್ಲು ಕೊಟ್ಟು, ಪೆಡಲನ್ನು ಕೈಯಿಂದಲೇ ಒತ್ತಿದೆ. ಪ್ಲೇ ಒಂಚೂರೂ ಇಲ್ಲ. ನಮ್ಮ ಗಾಡಿಯಲ್ಲಿ ಒಂದಿಂಚು, ಅಂದರೆ ಸುಮಾರು 25 ಮಿ.ಮೀ., ಹಗುರವಾಗಿ ಇಳಿದ ಮೇಲೆ ಭಾರ ಸಿಗಬೇಕು.

ಪ್ಲೇಟ್ ಸವೆದರೆ ಪೆಡಲ್ ಸಡಿಲಾಗುತ್ತದೆ ಎಂದು ಊರಲ್ಲಿ ಬಹಳ ಜನರ ನಂಬಿಕೆ. ಆಗುವುದು ಅದರ ಉಲ್ಟಾ. ಪ್ಲೇಟ್ ತೆಳುವಾದಂತೆ ಪ್ರೆಷರ್ ಪ್ಲೇಟ್ ಫ್ಲೈವೀಲಿನತ್ತ ಸರಿಯುತ್ತದೆ. ಅದರ ಫಿಂಗರುಗಳು ಹಿಂದೆ ಬಂದು ರಿಲೀಸ್ ಬೇರಿಂಗಿಗೆ ತಾಗುತ್ತವೆ. ಆಮೇಲೆ ಯಾರೂ ಕಾಲಿಡದಿದ್ದರೂ ಕ್ಲಚ್ ಒಂದಿಷ್ಟು ಒತ್ತಿದಂತೆಯೇ. ಸ್ಪ್ರಿಂಗಿನ ಪೂರ್ತಿ ಬಲ ಸಿಗದೆ ಪ್ಲೇಟ್ ಜಾರುತ್ತದೆ, ಕಾಯುತ್ತದೆ, ಇನ್ನೂ ಸವೆಯುತ್ತದೆ.

ಪ್ಲೇ ಸರಿಮಾಡಲು ಪೆಡಲಿನ ರಾಡ್ ಬಿಚ್ಚಹೋದರೆ, ತುಕ್ಕು ಹಿಡಿದಿದ್ದ ಸ್ಪ್ಲಿಟ್ ಪಿನ್ ಮುರಿಯಿತು. ಚೆಕ್ ನಟ್ಟಿಗೆ ಡೀಸೆಲ್ ಬಿಟ್ಟು ನೆನೆಸಿ ಸಡಿಲಿಸಿದೆ. ರಾಡಿನ ಫೋರ್ಕನ್ನು ಅರ್ಧರ್ಧ ಸುತ್ತು ತಿರುಗಿಸಿ, ಪಿನ್ ಕೂರಿಸಿ, ಸ್ಕೇಲಿಟ್ಟು ಅಳೆದೆ. ಪ್ಲೇ ಅತಿಯಾದರೂ ಕೇಡೇ: ಪೂರ್ತಿ ಒತ್ತಿದರೂ ಕ್ಲಚ್ ಬಿಡದು, ಗೇರ್ ಕರಕರ ಅನ್ನುತ್ತದೆ. ಬೆಲ್ ಹೌಸಿಂಗಿನ ಕೆಳಗಿನ ತೂತು ಒಣಗಿತ್ತು, ಸಮಾಧಾನ. ಅಲ್ಲಿ ಎಣ್ಣೆ ಜಿನುಗಿದ್ದರೆ ಒಳಗಿನ ಸೀಲ್ ಹೋಗಿ ಪ್ಲೇಟಿಗೂ ಎಣ್ಣೆ ತಾಗಿರಬಹುದು. ಹೊರಗಿನ ಯಾವ ಅಡ್ಜಸ್ಟ್‌ಮೆಂಟೂ ಅದಕ್ಕೆ ಮದ್ದಲ್ಲ.

ಮೇ 28
ಅದೇ ಏರು, ಅದೇ ಭಾರ. ಎಳೆಯಿತು! ವಾಸನೆಯಿಲ್ಲ. ಡ್ರೈವರಿಗೆ ಮತ್ತೆ ಹೇಳಿದೆ, ಪೆಡಲ್ ಮೇಲೆ ಕಾಲು ಊರಿಕೊಂಡು ಓಡಿಸಬೇಡ, ಬೇರಿಂಗ್ ಸುಟ್ಟುಹೋಗುತ್ತದೆ ಎಂದು.
"ಹಂಗಾರ ಕಾಲು ಎಲ್ಲಿಡ್ಲಿರಿ ಅಣ್ಣಾರ?"
"ಫುಟ್‌ರೆಸ್ಟ್ ಐತಲ್ಲೋ ತಮ್ಮಾ."

ಪಕ್ಕದ ಹೊಲದವರು ತಮ್ಮ ಟ್ರ್ಯಾಕ್ಟರಿನದೂ ಮಾಡಿಕೊಡಿ ಅಂದರು. ಅವರದು ಡಬಲ್ ಕ್ಲಚ್. ಅರ್ಧ ಒತ್ತಿದರೆ ಗಾಡಿ ನಿಲ್ಲುತ್ತದೆ, ಪೂರ್ತಿ ಒತ್ತಿದರೆ ಪಿಟಿಒ ಕೂಡ. ರಾಡ್ ತಿರುಗಿಸಿದರಷ್ಟೇ ಸಾಲದು, ಒಳಗಿನ ಎರಡನೇ ಹಂತವನ್ನೂ ಬೇರೆಯಾಗಿ ಹೊಂದಿಸಬೇಕು. ಮ್ಯಾನ್ಯುಯಲ್ ತನ್ನಿ, ನೋಡೋಣ ಅಂದೆ.

ನಮ್ಮ ರಾಡಿನಲ್ಲಿ ಥ್ರೆಡ್ ಇನ್ನು ಸ್ವಲ್ಪವೇ ಉಳಿದಿದೆ. ಅದು ಮುಗಿದರೆ ಗಾಡಿ ಬಿಚ್ಚದೆ ಗತಿಯಿಲ್ಲ. ಹಿಂಗಾರಿಯೊಳಗೆ ಪ್ಲೇಟ್, ಬೇರಿಂಗ್ ತಂದಿಟ್ಟುಕೊಳ್ಳಬೇಕು. ರಾಣೆಬೆನ್ನೂರಿಗೆ ಹೋದಾಗ ನಾಲ್ಕು ಸ್ಪ್ಲಿಟ್ ಪಿನ್ನುಗಳನ್ನೂ.